ಸನ್‌ರೂಫ್ ಶೇಡ್ ಸೀಟಿನಿಂದಲೇ ಕೈಗೆ ಸಿಗಬೇಕೇ? ಹೀಗೆ ಮಾಡಿ

ಬೆಳಿಗ್ಗೆ ಹೊರಡುವಾಗ ಸನ್‌ರೂಫಿನ ಒಳಗಿನ ಶೇಡನ್ನು ಪೂರ್ತಿ ಹಿಂದಕ್ಕೆ ತಳ್ಳಿರುತ್ತೀರಿ. ತಂಪು ಹೊತ್ತು, ಮೇಲೆ ಆಕಾಶ ಕಾಣುತ್ತದೆ, ಚೆನ್ನಾಗೇ ಇರುತ್ತದೆ. 11 ಗಂಟೆಯ ಹೊತ್ತಿಗೆ ನೆತ್ತಿ ಸುಡಲು ಶುರು. ಮುಚ್ಚೋಣ ಅಂತ ಕೈ ಎತ್ತಿದರೆ ಹಿಡಿ ಸಿಗುವುದಿಲ್ಲ. ಬೆರಳು ಸುಮ್ನೆ ಗಾಜು ಸವರುತ್ತದೆ. ಹಿಡಿ ಹೋಗಿ ಹೆಡ್‌ರೆಸ್ಟಿನ ನೇರಕ್ಕೆ, ತಲೆಯ ಹಿಂದೆ ಕೂತಿರುತ್ತದೆ.

ಕಾರು ಕೊಳ್ಳುವಾಗ ಶೇಡ್ ತೆರೆದು ನೋಡದವರಿಲ್ಲ. ಆದರೆ ಬೆಲ್ಟ್ ಹಾಕಿಕೊಂಡು, ಕೂತಲ್ಲಿಂದಲೇ ಮುಚ್ಚಿ ನೋಡಿದವರು ಎಷ್ಟು ಮಂದಿ? ತೆರೆಯುವುದು ಸುಲಭ, ಏಕೆಂದರೆ ಮುಚ್ಚಿದ ಶೇಡಿನ ಹಿಡಿ ಮುಂದೆ, ಒಳಗನ್ನಡಿಯ ಹತ್ತಿರ ಇರುತ್ತದೆ. ತೆರೆದಷ್ಟೂ ಅದು ನಮ್ಮ ಬೆನ್ನ ಕಡೆಗೆ ಸರಿಯುತ್ತದೆ. ಕೈಯನ್ನು ಮುಂದಕ್ಕೆ ಚಾಚುವುದು ಒಂದು, ತಲೆಯ ಮೇಲಿಂದ ಹಿಂದಕ್ಕೆ ಚಾಚುವುದೇ ಇನ್ನೊಂದು. ಭುಜ ನೋವಿರುವವರನ್ನು ಕೇಳಿ, ಹೇಳುತ್ತಾರೆ.

ಮೊದಲು ಸೀಟು, ಆಮೇಲೆ ಶೇಡ್

ಶೇಡ್ ಎಟುಕಲಿ ಅಂತ ಸೀಟನ್ನು ಮುಂದೆ ತರಬೇಡಿ. ಸೀಟು ಸ್ಟೇರಿಂಗಿಗೆ, ಪೆಡಲಿಗೆ ಹೊಂದಬೇಕು. ಬೆನ್ನು ಪೂರ್ತಿ ಒರಗಿರುವಾಗಲೇ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿಗೆ ತಾಗಬೇಕು. ಎದೆಗೂ ಸ್ಟೇರಿಂಗಿನ ನಡುಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್ ಜಾಗ ಇರಬೇಕು. ಏರ್‌ಬ್ಯಾಗ್ ಉಬ್ಬಲು ಅಷ್ಟಾದರೂ ಬೇಕು. ಸೀಟಿನ ಎತ್ತರವನ್ನೂ ಈಗಲೇ ಸರಿಮಾಡಿಕೊಳ್ಳಿ. ಸನ್‌ರೂಫ್ ಇರುವ ಕಾರಿನಲ್ಲಿ ಚಾವಣಿ ಸಾಮಾನ್ಯವಾಗಿ ಸ್ವಲ್ಪ ತಗ್ಗಿರುತ್ತದೆ.

ನಿಮ್ಮ ಕೈಯ ಗಡಿ ಹುಡುಕಿ

ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಬೆಲ್ಟ್ ಹಾಕಿಕೊಳ್ಳಿ. ಬೆಲ್ಟ್ ಇಲ್ಲದೆ ಅಳೆದರೆ ಲೆಕ್ಕ ತಪ್ಪುತ್ತದೆ. ಕಾರಿನ ಮಧ್ಯದ ಕಡೆಗಿರುವ ಕೈಯನ್ನು ಮೇಲಕ್ಕೆತ್ತಿ. ಬೆನ್ನು ಸೀಟಿನಿಂದ ಏಳಬಾರದು, ಮೊಣಕೈ ಸ್ವಲ್ಪ ಮಡಚಿಯೇ ಇರಬೇಕು, ಕಣ್ಣು ರಸ್ತೆಯ ಕಡೆಗಿರಬೇಕು. ಈಗ ಶೇಡನ್ನು ನಿಧಾನಕ್ಕೆ ಹಿಂದೆ ತಳ್ಳುತ್ತಾ ಹೋಗಿ. ಭುಜ ‘ಸಾಕು’ ಅನ್ನುವ ಒಂದು ಜಾಗ ಬರುತ್ತದೆ. ಅಲ್ಲಿಂದ ನಾಲ್ಕು ಬೆರಳಿನಷ್ಟು ಮುಂದೆ ಎಳೆದು ನಿಲ್ಲಿಸಿ. ನಿಮ್ಮ ಮಟ್ಟಿಗೆ ಶೇಡ್ ಪೂರ್ತಿ ತೆರೆದಿದ್ದು ಅಂದರೆ ಅಷ್ಟೇ. ಆಕಾಶ ಒಂದಿಷ್ಟು ಕಡಿಮೆ ಕಾಣಬಹುದು, ಕಾಣಲಿ ಬಿಡಿ.

ಆ ಜಾಗಕ್ಕೊಂದು ಗುರುತು ಬೇಕು. ಸನ್‌ರೂಫ್ ಚೌಕಟ್ಟಿನ ಒಳಪಕ್ಕದಲ್ಲಿ ಸಣ್ಣ ಬಟ್ಟೆ ಟೇಪಿನ ಚೂರು ಅಂಟಿಸಿ. ಮೇಲೆ ನೋಡದೆ ಬೆರಳಿಗೇ ಗೊತ್ತಾಗುವಂತಿರಲಿ. ಶೇಡ್ ಓಡಾಡುವ ಚಾನೆಲ್ ಒಳಗೆ ಮಾತ್ರ ಅಂಟಿಸಬೇಡಿ.

ಅರ್ಧ ತೆರೆದ ಶೇಡ್ ಅಲ್ಲೇ ನಿಲ್ಲುತ್ತದೆಯೇ ಅನ್ನುವುದನ್ನೂ ನೋಡಿ. ಹಳೆಯ ಕಾರುಗಳಲ್ಲಿ ಬ್ರೇಕ್ ಹೊಡೆದಾಗ ತಾನಾಗಿಯೇ ಮುಂದಕ್ಕೆ ಜಾರುವುದುಂಟು. ಇನ್ನೊಂದು ಮಾತು: ಬಹಳಷ್ಟು ಕಾರುಗಳಲ್ಲಿ ಗಾಜನ್ನು ಹಿಂದಕ್ಕೆ ಸರಿಸಿದರೆ ಅದು ಶೇಡನ್ನೂ ಜೊತೆಗೆ ಎಳೆದೊಯ್ಯುತ್ತದೆ. ಗಾಜು ವಾಪಸ್ ಬರುತ್ತದೆ, ಶೇಡ್ ಅಲ್ಲೇ ಉಳಿಯುತ್ತದೆ. ಹಾಗಾದಾಗ ಓಡಿಸುತ್ತಲೇ ತಡಕಾಡಬೇಡಿ. 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ಮೂರು ಸೆಕೆಂಡ್ ತಡಕಾಡಿದರೆ 66 ಮೀಟರ್! ನಾನೂ ಒಮ್ಮೆ ಈ ಸರ್ಕಸ್ ಮಾಡಿದ್ದೇನೆ. ಹಿಂದಕ್ಕೆ ತಿರುಗಿದ ರಭಸಕ್ಕೆ ಬೆಲ್ಟ್ ಲಾಕ್ ಆಯಿತು. ಮೈ ತಿರುಗಿದ ಕಡೆಗೇ ಸ್ಟೇರಿಂಗ್ ಮೇಲಿದ್ದ ಕೈಯೂ ಎಳೆಯಿತು. ತಲೆ ಎತ್ತಿದಾಗ ಕಾರು ಪಕ್ಕದ ಲೇನಿನ ಗೆರೆ ಮೇಲಿತ್ತು.

ಬಿಗಿಯಾಗಿದ್ದರೆ

ಎಷ್ಟೋ ಸಲ ಶೇಡ್ ಕೆಟ್ಟಿರುವುದಿಲ್ಲ, ನಾವು ಎಳೆಯುವ ರೀತಿ ಓರೆಯಾಗಿರುತ್ತದೆ. ಹಿಡಿ ಇರುವುದು ಮಧ್ಯದಲ್ಲಿ, ನಾವು ಕೂತಿರುವುದು ಒಂದು ಪಕ್ಕದಲ್ಲಿ. ಗೊತ್ತಿಲ್ಲದೆಯೇ ನಮ್ಮ ಕಡೆಗೆ ಎಳೆಯುತ್ತೇವೆ. ಅಗಲವಾದ ಡ್ರಾಯರನ್ನು ಒಂದು ಮೂಲೆ ಹಿಡಿದು ಎಳೆದರೆ ಸಿಕ್ಕಿಕೊಳ್ಳುವುದಿಲ್ವಾ, ಹಾಗೇ ಇದೂ. ಕೈಯನ್ನು ಮುಂಗಾಜಿನ ಕಡೆಗೆ ನೇರವಾಗಿ ತಂದರೆ ಸಲೀಸಾಗಿ ಬರುತ್ತದೆ.

ಆಗಲೂ ಬಿಗಿ ಅನಿಸಿದರೆ ಎರಡೂ ಬದಿಯ ಚಾನೆಲ್‌ಗಳನ್ನು ಒಣ ಬ್ರಶ್‌ನಿಂದ ಗುಡಿಸಿ. ಬಟ್ಟೆಗೆ ಸ್ವಲ್ಪ ಸಿಲಿಕೋನ್ ಸ್ಪ್ರೇ ಹಾಕಿ ಒರೆಸಿ. ಎಂಜಿನ್ ಆಯಿಲ್, ಅಡುಗೆ ಎಣ್ಣೆ ಬೇಡವೇ ಬೇಡ. ಎಣ್ಣೆಗೆ ಧೂಳು ಅಂಟುತ್ತದೆ, ಚಾವಣಿಯ ಬಟ್ಟೆಗೆ ಕಲೆಯಾಗುತ್ತದೆ.

ಕೈ ಗಿಡ್ಡ ಇರುವವರು, ಭುಜ ನೋವಿರುವವರು ಹಿಡಿಗೆ 8–10 ಸೆಂಟಿಮೀಟರಿನ ಚಪ್ಪಟೆ ರಿಬ್ಬನ್ ಕಟ್ಟಿಕೊಳ್ಳಬಹುದು. ಅದು ಕಣ್ಣಿನ ಮುಂದೆ ಜೋತಾಡಬಾರದು, ಚಾನೆಲ್ಲಿಗೂ ಸಿಕ್ಕಬಾರದು. ಮೋಟರ್‌ನಿಂದ ಓಡುವ ಶೇಡಿಗೆ ಈ ಉಪಾಯ ಮಾಡಬೇಡಿ.

ಬಟನ್ ಇದ್ದರೆ

ಚಾವಣಿಯ ಬಹುಭಾಗ ಗಾಜೇ ಇರುವ ಪ್ಯಾನರಾಮಿಕ್ ಸನ್‌ರೂಫಿನಲ್ಲಿ ಸುರುಳಿ ಸುತ್ತುವ ಬಟ್ಟೆಯ ಪರದೆ ಜಾಸ್ತಿ. ಅದನ್ನು ಓಡಿಸುವ ಬಟನ್ ಸಾಮಾನ್ಯವಾಗಿ ಒಳಗನ್ನಡಿಯ ಮೇಲ್ಗಡೆ, ಚಾವಣಿಯಲ್ಲಿ ಇರುತ್ತದೆ. ಎಟುಕುವ ಚಿಂತೆ ಇಲ್ಲ, ಆದರೆ ಬಟನ್ ನೋಡಲು ತಲೆ ಎತ್ತುವ ಚಟ ಬಿಡಬೇಕು. ನಿಂತ ಕಾರಿನಲ್ಲಿ ಹತ್ತು ಸಲ ಮುಟ್ಟಿ ಅಭ್ಯಾಸ ಮಾಡಿ. ಪರದೆಗೂ ಗಾಜಿಗೂ ಒಂದೇ ಬಟನ್ ಇರುವ ಕಾರುಗಳೂ ಇವೆ. ಅಂಥ ಕಡೆ ಯಾವ ಒತ್ತಿಗೆ ಯಾವುದು ಓಡುತ್ತದೆ ಅನ್ನುವುದು ಬೆರಳಿಗೆ ಗೊತ್ತಿರಬೇಕು. ಬ್ಯಾಟರಿ ತೆಗೆದು ಹಾಕಿದ ಮೇಲೆ ಪರದೆ ಅರ್ಧಕ್ಕೇ ನಿಲ್ಲುತ್ತಿದ್ದರೆ ಹೆದರಬೇಡಿ. ಹಲವು ಕಾರುಗಳಲ್ಲಿ ಮುಚ್ಚುವ ಬಟನ್ ಒತ್ತಿ ಹಿಡಿದು ಅದನ್ನು ಮರುಹೊಂದಿಸಬೇಕಾಗುತ್ತದೆ. ಎಷ್ಟು ಹೊತ್ತು ಹಿಡಿಯಬೇಕು ಅನ್ನುವುದು ಕಾರಿನ ಮ್ಯಾನುಯಲ್‌ನಲ್ಲಿ ಇರುತ್ತದೆ.

ಶೇಡೇ ಇಲ್ಲದ ಗಾಜಿನ ಚಾವಣಿ

ಟೆಸ್ಲಾ ಮಾಡೆಲ್ 3ರಂಥ ಕಾರುಗಳಲ್ಲಿ ಚಾವಣಿಯೇ ತೆರೆಯದ ಗಾಜು, ಎಳೆಯುವ ಶೇಡ್ ಇರುವುದಿಲ್ಲ. ಇವಕ್ಕೆ ಕ್ಲಿಪ್ ಹಾಕಿ ಕೂರಿಸುವ ಜಾಲರಿ ಶೇಡ್ ಸಿಗುತ್ತದೆ. ಓಡಿಸುವಾಗ ಹಾಕಿ ತೆಗೆಯುವ ಸಾಮಾನು ಇದಲ್ಲ. ಹೊರಡುವ ಮುಂಚೆ ಹಾಕಿದರೆ ಹಾಕಿದ ಹಾಗೆ. ಬೆಳ್ಳಿ ಬಣ್ಣದ ಹೊದಿಕೆ ಇದ್ದರೆ ಅದು ಗಾಜಿನ ಕಡೆಗಿರಲಿ. ಕ್ಲಿಪ್ ಕೂರಿಸಿದ ಮೇಲೆ ನಡುಭಾಗವನ್ನು ಒಮ್ಮೆ ಕೆಳಗೆ ಎಳೆದು ನೋಡಿ. ಜೋತುಬಿದ್ದು ಒಳಗನ್ನಡಿಗೆ ಅಡ್ಡ ಬಂದರೆ ಹಿಂದಿನ ರಸ್ತೆಯೇ ಕಾಣುವುದಿಲ್ಲ. ಬಾಗಿಲುಗಳ ಮೇಲಿನ ಅಂಚಿಗೆ ಕೊಕ್ಕೆ ಸಿಕ್ಕಿಸಬೇಡಿ. ಪಕ್ಕದ ಕಿಟಕಿಗಳಿಗೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದು ಬಿಚ್ಚಿಕೊಳ್ಳುವುದು ಅಲ್ಲಿಂದಲೇ.

ಒಂದೇ ಕಾರನ್ನು ಮನೆಯಲ್ಲಿ ಇಬ್ಬರು ಓಡಿಸುವುದಾದರೆ, ಟೇಪಿನ ಗುರುತು ಗಿಡ್ಡ ಕೈಯವರ ಅಳತೆಗೇ ಇರಲಿ. ಉದ್ದ ಕೈಯವರಿಗೆ ಅದು ಹೇಗೂ ಎಟುಕುತ್ತದೆ.