ಎನ್‌ವಿಡಿಎ ಕನ್ನಡದಲ್ಲೇ ಶುರು ಮಾಡ್ಸಿದ್ದು: ನನ್ನ ಅನುಭವ

ಹಾಸನದಲ್ಲಿ ಕಣ್ಣು ಕಾಣದ ಹುಡುಗ್ರಿಗೆ ನಾನು ಕಂಪ್ಯೂಟರ್ ಕಲಿಸ್ತೀನಿ. ಎನ್‌ವಿಡಿಎ ಅಂದ್ರೆ ಸ್ಕ್ರೀನ್ ಮೇಲಿರೋದನ್ನ ಗಟ್ಟಿಯಾಗಿ ಓದಿ ಹೇಳೋ ಸಾಫ್ಟ್‌ವೇರ್, ಅದನ್ನ ಹೊಸಬರಿಗೆ ಕನ್ನಡ ವಾಯ್ಸಲ್ಲೇ ಶುರು ಮಾಡಿಸ್ತೀನಿ ಅಂದಾಗ ನಮ್ಮ ಜೊತೆ ಕಲಿಸೋರೇ ಬೇಡ ಅಂದ್ರು. ಅದರ ಜೊತೆ ಬರೋ ಈಸ್ಪೀಕ್ ಅನ್ನೋ ವಾಯ್ಸಿನ ಕನ್ನಡ ಗೊರಗೊರ ಅನ್ನುತ್ತೆ, ನಾಳೆ ಕೆಲಸಕ್ಕೆ ಇಂಗ್ಲಿಷೇ ಬೇಕು, ಮೊದಲಿಂದ್ಲೇ ಅದೇ ಕಿವಿಗೆ ಬೀಳ್ಲಿ ಅಂತ. ಮೊದಲೆರಡು ಬ್ಯಾಚ್ ಹಾಗೇ ಇಂಗ್ಲಿಷಲ್ಲೇ ನಡೆಸಿದ್ದೂ ಆಯ್ತು. ಅರಸೀಕೆರೆ, ಅರಕಲಗೂಡಿಂದ ಬಸ್ ಹತ್ತಿ ಬರೋ ಹುಡುಗ್ರು ವಾರಗಟ್ಲೆ ಮೆನು ಹೆಸರು ಬಾಯಿಪಾಠ ಮಾಡಿ, ಮಷೀನ್ ಏನಂತಿದೆ ಅಂತಾನೇ ತಿಳೀದೆ, ಅರ್ಧಕ್ಕರ್ಧ ಜನ ಬಿಟ್ಟೇ ಹೋದ್ರು.

ಇನ್ನು ದುಡ್ಡು. ದುಡ್ಡು ಕೊಟ್ಟು ತಗೊಳ್ಳೋ ಇಂಥದ್ದೇ ಸಾಫ್ಟ್‌ವೇರ್ ಜಾಸ್ ನಮ್ಮ ಕೈಗೆಟುಕಲ್ಲ, ಲೈಸೆನ್ಸ್ ಇಲ್ದೆ 40 ನಿಮಿಷಕ್ಕೊಂದ್ಸಲ ಕಂಪ್ಯೂಟರ್ ರೀಸ್ಟಾರ್ಟ್ ಮಾಡ್ಕೊಂಡು ಪಾಠ ಮಾಡೋಕಾಗುತ್ತಾ? ಎನ್‌ವಿಡಿಎ 2006ರಿಂದ ಪುಕ್ಕಟೆ, ಶುರು ಮಾಡಿದ ಮೈಕಲ್ ಕರನ್‌ಗೂ ಕಣ್ಣು ಕಾಣಲ್ಲ, ಅದನ್ನ ಪ್ರತಿ ಬ್ಯಾಚಿಗೂ ಹೇಳ್ತೀನಿ. ಮಷೀನಿಗೆ ನಾನು ಹಿಡಿದ ದಾರಿ ಬೇರೆ. ಡಿಸ್‌ಪ್ಲೇ ಒಡೆದ ಹಳೇ ಲ್ಯಾಪ್‌ಟಾಪ್ ಸೆಕೆಂಡ್ಸ್ ಅಂಗಡೀಲಿ ನಾಲ್ಕೈದು ಸಾವಿರಕ್ಕೆ ಸಿಕ್ತು, ನನಗೂ ಕಾಣಲ್ಲ ಅವರಿಗೂ ಕಾಣಲ್ಲ, ಡಿಸ್‌ಪ್ಲೇಗೆ ಯಾಕೆ ದುಡ್ಡು ಕೊಡ್ಬೇಕು? ವಿಂಡೋಸ್ ಹಾಕೋವಾಗ ಮಾತ್ರ ಟಿವಿಗೆ ಚುಚ್ಚಿ ಅಂಗಡಿ ಹುಡುಗನ ಕೈಲೇ ಮಾಡಿಸ್ಕೊಂಡೆ. ಆದ್ರೆ ಲ್ಯಾಪ್‌ಟಾಪ್ ಕೀಬೋರ್ಡಲ್ಲಿ ಕಲಿಸ್ಬೇಡಿ, ಎಫ್4 ಆದ್ಮೇಲೆ, ಎಫ್8 ಆದ್ಮೇಲೆ ಬೆರಳಿಗೆ ಸಿಗೋ ಸಂದಿ ಎಷ್ಟೋ ಲ್ಯಾಪ್‌ಟಾಪಲ್ಲಿ ಇರಲ್ಲ. ಮುನ್ನೂರೈವತ್ತು ನಾನೂರರ ಯುಎಸ್‌ಬಿ ಕೀಬೋರ್ಡ್ ಚುಚ್ಚಿ.

ಕೀಗಳ ಮೇಲೆ ಗುರುತು ಮಾಡೋಣ ಅಂತ ಬಿಂದಿ ಅಂಟಿಸಿದ್ವಿ, ಕೈ ಬೆವರಿಗೆ ಬಿದ್ದೋಯ್ತು. ಎಂ-ಸೀಲ್ ಚುಕ್ಕಿ ನಿಂತ್ಕೊಂಡ್ತು, ಆದ್ರೆ ಬೇರೆ ಕೀಬೋರ್ಡ್ ಕೊಟ್ರೆ ಹುಡುಗ್ರು ಕಕ್ಕಾಬಿಕ್ಕಿ. ಕೀಬೋರ್ಡಲ್ಲೇ ಇರೋ ಎಫ್, ಜೆ ಉಬ್ಬು ಮತ್ತೆ ನಂಬರ್ ಪ್ಯಾಡಿನ 5, ಅಷ್ಟು ಸಾಕು.

ಈಗ ಮೊದಲ ವಾರ ವಿಂಡೋಸ್ ಡೆಸ್ಕ್‌ಟಾಪ್ ಮುಟ್ಟೋದೇ ಇಲ್ಲ. ಇನ್ಸರ್ಟ್ ಹಿಡ್ಕೊಂಡು 1 ಒತ್ತಿ ಇನ್‌ಪುಟ್ ಹೆಲ್ಪ್ ಆನ್, ಏನು ಒತ್ತಿದ್ರೂ ಹೆಸರು ಹೇಳುತ್ತೆ, ಏನೂ ಕೆಡಲ್ಲ, ಒತ್ತಿ ಒತ್ತಿ ಭಯ ಹೋಗ್ಲಿ. ಮಾತಿನ ವೇಗ ನೂರಕ್ಕೆ 20ರ ಆಸುಪಾಸು. ಹೆಡ್‌ಫೋನ್ ಒಂದೇ ಕಿವಿಗೆ, ಇನ್ನೊಂದು ಕಿವಿ ನನಗೆ. ಎರಡನೇ ವಾರ ನೇರ ಕನ್ನಡ ಟೈಪಿಂಗಿನ ಕೀ ಜೋಡಣೆ ಇನ್‌ಸ್ಕ್ರಿಪ್ಟ್. ಸ್ವರ ಎಡಗೈಗೆ, ವ್ಯಂಜನ ಹೆಚ್ಚೂಕಮ್ಮಿ ಬಲಗೈಗೆ. ಮೊದಲ ಪದ ಹಾಸನ: ಇಂಗ್ಲಿಷಿನ ಯು, ಇ, ಎಂ, ವಿ ಕೀಗಳು. ನಾಲ್ಕೇ ಕೀ, ಶಿಫ್ಟೂ ಬೇಡ, ಒತ್ತು ಅಕ್ಷರಾನೂ ಇಲ್ಲ. ಸಕಲೇಶಪುರದ ಒಬ್ಬ ಹುಡುಗಿ ಟೈಪ್ ಮಾಡಿ ಇನ್ಸರ್ಟ್ ಹಿಡ್ಕೊಂಡು ಮೇಲಿನ ಆ್ಯರೋ ಒತ್ತಿದ್ಲು, ಮಷೀನ್ ‘ಹಾಸನ’ ಅಂತು, "ಸಾರ್, ನಾನ್ ಬರ್ದಿದ್ದನ್ನ ಓದ್ತು ಸಾರ್" ಅಂತ ಅದನ್ನೇ ಒತ್ತುತ್ತಾ ಕೂತ್ಲು. ಮೂರು ತಿಂಗಳಿಗೆ ಪಿಂಚಣಿ ಅರ್ಜಿ ತಾನೇ ಬರೆದ್ಲು. ಅಕ್ಷರ ಕೈಗೆ ಕೂರೋಕೆ ಒಂದು ಆಟ ಆಡಿಸ್ತೀನಿ, ಅದನ್ನ ಇಲ್ಲಿ ಬರೆಯಲ್ಲ, ಕ್ಲಾಸಿಗೆ ಬಂದು ಕೂತ್ಕೊಳ್ಳಿ.

ಇಂಗ್ಲಿಷ್ ವಾಯ್ಸ್ ಎರಡನೇ ತಿಂಗಳಿಗೆ ತಂದೆ, ಆಗ ತಕರಾರೇ ಬರ್ಲಿಲ್ಲ, ಕೀ ಎಲ್ಲಿದೆ, ಒತ್ತಿದ್ರೆ ಏನಾಗುತ್ತೆ ಅಂತ ಗೊತ್ತಿದ್ಮೇಲೆ ಕಿವಿ ಬೇಗ ಹೊಂದ್ಕೊಳ್ಳುತ್ತೆ. ಕಳೆದ ಎರಡು ಬ್ಯಾಚಲ್ಲಿ ಬಿಟ್ಟು ಹೋದೋರು ಒಬ್ಬಿಬ್ರು ಅಷ್ಟೇ. ಇನ್ನೊಂದು, ಪಾಠಕ್ಕೆ ಯಾರಾದ್ರೂ ಹಳೇ ನುಡಿ ಫಾಂಟಿನ ಫೈಲ್ ಕೊಟ್ರೆ ಯೂನಿಕೋಡಿಗೆ ಬದಲಾಯಿಸಿ ಆಮೇಲೇ ಹುಡುಗ್ರಿಗೆ ಕೊಡಿ, ಆ ಫಾಂಟಲ್ಲಿ ಕನ್ನಡ ಅಕ್ಷರ ಒಳಗೆ ಇಂಗ್ಲಿಷ್ ಅಕ್ಷರವಾಗೇ ಕೂತಿರುತ್ತೆ, ಇಲ್ಲಾಂದ್ರೆ ಎನ್‌ವಿಡಿಎ ಇಂಗ್ಲಿಷ್ ಅಕ್ಷರ, ಚಿಹ್ನೆ ಅಂತ ಏನೇನೋ ಓದುತ್ತೆ, ಪಾಪ ಅವರು ತಮ್ಮದೇ ತಪ್ಪು ಅನ್ಕೋತಾರೆ.