ಕಂಪ್ಯೂಟರ್ ಪದೇ ಪದೇ ರೀಸ್ಟಾರ್ಟ್ ಆಗುತ್ತಿದೆಯೇ? ಫಾರ್ಮ್ಯಾಟ್ ಮಾಡಿಸುವ ಮುನ್ನ ಇಷ್ಟನ್ನು ಪರೀಕ್ಷಿಸಿ

ಕೆಲಸದ ನಡುವೆ ಡೆಸ್ಕ್‌ಟಾಪ್ ಕಂಪ್ಯೂಟರ್ ಏಕಾಏಕಿ ಆರಿ, ತಾನಾಗಿಯೇ ಮತ್ತೆ ಆನ್ ಆಗುತ್ತಿದ್ದರೆ ಬಹಳಷ್ಟು ಮನೆಗಳಲ್ಲಿ ಮೊದಲು ಮಾಡಿಸುವುದು ಫಾರ್ಮ್ಯಾಟ್. ಆದರೆ ಕಾರಣ ವಿದ್ಯುತ್ತಿನಲ್ಲೋ ಬಿಸಿಯಲ್ಲೋ ಇದ್ದರೆ, ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೂ ತೊಂದರೆ ಹಾಗೆಯೇ ಉಳಿಯುತ್ತದೆ. ಮುಖ್ಯವಾದ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಟ್ಟುಕೊಂಡು, ಕಂಪ್ಯೂಟರ್ ಯಾವಾಗ, ಏನು ಮಾಡುತ್ತಿದ್ದಾಗ ಆರುತ್ತದೆ ಎಂಬುದನ್ನು ಮೊದಲು ಗಮನಿಸಿ.

ಗಂಭೀರ ದೋಷ ಎದುರಾದಾಗ ವಿಂಡೋಸ್ ನೀಲಿ ಪರದೆಯ ಮೇಲೆ, ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಾದರೆ ಕಪ್ಪು ಪರದೆಯ ಮೇಲೆ, ದೋಷದ ಹೆಸರನ್ನು ತೋರಿಸಿ ತಕ್ಷಣ ರೀಸ್ಟಾರ್ಟ್ ಆಗುತ್ತದೆ. ಓದುವಷ್ಟು ಸಮಯವೇ ಸಿಗುವುದಿಲ್ಲ. ಅಡ್ವಾನ್ಸ್ಡ್ ಸಿಸ್ಟಂ ಸೆಟ್ಟಿಂಗ್ಸ್ ತೆರೆದು, ಸ್ಟಾರ್ಟಪ್ ಆ್ಯಂಡ್ ರಿಕವರಿ ವಿಭಾಗದಲ್ಲಿ 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಎಂಬುದರ ಮುಂದಿನ ಟಿಕ್ ತೆಗೆದರೆ ಆ ಪರದೆ ನಿಲ್ಲುತ್ತದೆ. ಅದರ ಫೋಟೊ ತೆಗೆದುಕೊಳ್ಳಿ.

ಪರದೆಯೇ ಬಾರದೆ ಆರುತ್ತಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ ಹುಡುಕಿ, ವಿಂಡೋಸ್ ಲಾಗ್ಸ್‌ನ ಸಿಸ್ಟಂ ವಿಭಾಗ ತೆರೆಯಿರಿ. ಅಲ್ಲಿ ಕಾಣುವ 1074ನೇ ಸಂಖ್ಯೆಯ ದಾಖಲೆ, ಅಪ್‌ಡೇಟ್ ಅಥವಾ ಯಾವುದೋ ಪ್ರೋಗ್ರಾಂ ಕೇಳಿಕೊಂಡೇ ರೀಸ್ಟಾರ್ಟ್ ಆಯಿತೆಂದು ತಿಳಿಸುತ್ತದೆ. ಕರ್ನಲ್-ಪವರ್ 41 ಎಂದಿದ್ದರೆ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಎಂದಷ್ಟೇ ಅರ್ಥ. ಅದನ್ನೇ ಕಾರಣವೆಂದು ಭಾವಿಸಬಾರದು. ಅದರ ಡೀಟೇಲ್ಸ್ ಪುಟದಲ್ಲಿ ಬಗ್‌ಚೆಕ್ ಕೋಡ್ (ದೋಷದ ಸಂಖ್ಯೆ) ಸೊನ್ನೆಯಿದ್ದರೆ ಮೊದಲ ಅನುಮಾನ ವಿದ್ಯುತ್ ಮತ್ತು ಬಿಸಿಯ ಮೇಲೆ. ಬೇರೆ ಅಂಕಿಯಿದ್ದರೆ ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ತಂತ್ರಾಂಶ) ಮತ್ತು ರ್‍ಯಾಮ್ ಮೇಲೆ.

ನಮ್ಮ ಮನೆಗಳಲ್ಲಿ ವಿದ್ಯುತ್ತಿನ ಕಡೆಯನ್ನೇ ಹೆಚ್ಚು ಶ್ರದ್ಧೆಯಿಂದ ನೋಡಬೇಕು. ಕರೆಂಟ್ ಹೋಗಿ ಇನ್ವರ್ಟರ್ ಶುರುವಾಗುವ ಕ್ಷಣದಲ್ಲಿ ಮಾತ್ರ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ, ಇನ್ವರ್ಟರ್ ತಡವಾಗಿ ಬದಲಾಗುತ್ತಿದೆ ಎಂದರ್ಥ. ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಪೂರ್ಣ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡ್ ಮಾತ್ರ ವಿದ್ಯುತ್ತಿಲ್ಲದೆ ತಡೆದುಕೊಳ್ಳಬಲ್ಲದು. ಅನೇಕ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್‌ಗೆ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕಿ ನೋಡಿ. ಕಂಪ್ಯೂಟರಿಗೆಂದೇ ಯುಪಿಎಸ್ ಇದ್ದರೆ, ಕೆಲವು ದಿನ ಅದನ್ನು ಬಿಟ್ಟು ಅರ್ಥಿಂಗ್ ಸರಿಯಿರುವ ಗೋಡೆಯ ಸಾಕೆಟ್ಟಿಗೆ ನೇರವಾಗಿ ಜೋಡಿಸಿ. ತೊಂದರೆ ನಿಂತರೆ ದೋಷ ಯುಪಿಎಸ್‌ನದು, ಬಹುತೇಕ ಬ್ಯಾಟರಿಯದು. ಲೇಸರ್ ಪ್ರಿಂಟರನ್ನು ಅದೇ ಯುಪಿಎಸ್‌ಗೆ ಜೋಡಿಸಿದ್ದರೆ ಈಗಲೇ ತೆಗೆಯಿರಿ. ಅದು ಬಿಸಿಯಾಗುವಾಗ ಎಳೆಯುವ ಕರೆಂಟ್ ಸಣ್ಣ ಯುಪಿಎಸ್‌ಗೆ ಭಾರ.

ಗೇಮ್ ಆಡುವಾಗ ಅಥವಾ ವಿಡಿಯೊ ಎಡಿಟ್ ಮಾಡುವಾಗ ಮಾತ್ರ ಆರುತ್ತಿದ್ದರೆ ಎಸ್‌ಎಂಪಿಎಸ್ ಸೋತಿರಬಹುದು, ಇಲ್ಲವೇ ಪ್ರೊಸೆಸರ್ ಬಿಸಿಯಾಗುತ್ತಿರಬಹುದು. ಪ್ಲಗ್ ಕಿತ್ತು ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದರೆ ಪ್ರೊಸೆಸರ್ ಫ್ಯಾನಿನ ಕೆಳಗಿನ ಲೋಹದ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಕೂತಿರುವುದು ಕಾಣಬಹುದು. ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಮೃದುವಾದ ಬ್ರಷ್ ಮತ್ತು ಬ್ಲೋಯರ್‌ನಿಂದ ತೆಗೆಯಿರಿ. ಫ್ಯಾನಿನ ನಾಲ್ಕೂ ಮೂಲೆಯ ಪಿನ್ನುಗಳು ಬಿಗಿಯಾಗಿವೆಯೇ ಎಂದೂ ಒತ್ತಿ ನೋಡಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ: ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ರ್‍ಯಾಮ್ ಪರೀಕ್ಷೆಗೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಸಾಕು. ದೋಷ ತೋರಿಸಿದರೆ, ಪ್ಲಗ್ ಕಿತ್ತು ರ್‍ಯಾಮ್ ಪಟ್ಟಿಗಳನ್ನು ತೆಗೆದು ಮತ್ತೆ ಕೂರಿಸಿ. ಎರಡಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಇತ್ತೀಚೆಗೆ ಡ್ರೈವರ್ ಬದಲಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳೆಯದಕ್ಕೆ ಮರಳಿ.

ಇಷ್ಟಾದರೂ ನಿಲ್ಲದಿದ್ದರೆ ರಿಪೇರಿ ಅಂಗಡಿಗೆ ಒಯ್ಯಿರಿ. ತೆಗೆದ ಫೋಟೊ ಮತ್ತು ಲಾಗ್‌ನಲ್ಲಿ ಕಂಡ ಸಂಖ್ಯೆಗಳನ್ನು ಅಲ್ಲಿ ತೋರಿಸಿ, ಹೊಸ ಎಸ್‌ಎಂಪಿಎಸ್ ಕೊಳ್ಳುವ ಮೊದಲು ಅಂಗಡಿಯದೇ ಒಂದನ್ನು ಜೋಡಿಸಿ ಅರ್ಧ ದಿನ ಓಡಿಸಿ ನೋಡುವಂತೆ ಕೇಳಿ.