ಎಲಿಹು ಯೇಲ್ ವಂಶ: ಅಜ್ಜಿಯ ಎರಡನೇ ಮದುವೆ ಹಿಡಿದು ಹಿಂದಕ್ಕೆ

ಬಾಸ್ಟನ್ನಿನಲ್ಲಿ ಹುಟ್ಟಿ ಮದರಾಸಿನಲ್ಲಿ ದುಡ್ಡು ಮಾಡಿದ ವ್ಯಾಪಾರಿ ಎಲಿಹು ಯೇಲ್‌ನ ಮೂಲ ಹುಡುಕುವವರೆಲ್ಲ ಹಿಡಿಯುವುದು ಮನೆತನದ ಹೆಸರನ್ನು. ನಾನು ಹಿಡಿದದ್ದು ಅವನ ಅಜ್ಜಿಯನ್ನು. ದಾರಿ ತಪ್ಪುತ್ತದೆ ಎಂದವರೇ ಈಗ ನಾನು ನೋಡಿದ ದಾಖಲೆಗಳ ಪಟ್ಟಿ ಕೇಳುತ್ತಿದ್ದಾರೆ.

ಅಪ್ಪನ ತಾಯಿ ಆನ್ ಲಾಯ್ಡ್. ಗಂಡ ಥಾಮಸ್ ಯೇಲ್ 1619ರಲ್ಲಿ ತೀರಿಕೊಂಡ ಮೇಲೆ ಲಂಡನ್ನಿನ ವ್ಯಾಪಾರಿ ಥಿಯೋಫಿಲಸ್ ಈಟನ್‌ನನ್ನು ಮದುವೆಯಾದಳು. 1637ರಲ್ಲಿ ಸಂಸಾರ ಬಾಸ್ಟನ್ನಿಗೆ, ಮರುವರ್ಷ ನ್ಯೂ ಹೇವನ್‌ಗೆ. ಹಾಗಾಗಿ ಯೇಲ್ ಮಕ್ಕಳ ಸುಳಿವು ಈಟನ್ ಕಾಗದಗಳಲ್ಲಿದೆ. ಅಲ್ಲಿ 'ಸನ್ ಇನ್ ಲಾ' ಎಂದು ಕಂಡರೆ ಅಳಿಯ ಎಂದು ಬರೆದುಕೊಳ್ಳಬೇಡಿ. ಆ ಕಾಲಕ್ಕೆ ಮಲಮಗನೂ ಅದೇ. ತಪ್ಪಿದರೆ ಈಟನ್‌ಗೆ ಇಲ್ಲದ ಮಗಳೊಬ್ಬಳು ಹುಟ್ಟಿಕೊಳ್ಳುತ್ತಾಳೆ.

ಉಯಿಲುಗಳಿಗಿಂತ ಕೆಲಸಕ್ಕೆ ಬಂದದ್ದು 1644ರ ಚರ್ಚಿನ ವಿಚಾರಣೆ. ಆನ್ ತನ್ನ ಅತ್ತೆಗೆ ಹೊಡೆದಳು, ಮಲಮಗಳು ಮೇರಿಯ ಮೇಲೆ ಕೈ ಮಾಡಿದಳು ಎಂಬ ಆರೋಪಗಳ ನೆಪದಲ್ಲಿ ಮನೆಯಲ್ಲಿ ಯಾರಿಗೆ ಯಾರು ಏನಾಗಬೇಕು ಎಂಬುದೆಲ್ಲ ದಾಖಲಾಗಿದೆ. ಜಗಳದ ಕಾಗದ ಯಾವತ್ತೂ ಚಿನ್ನ.

ಆನ್‌ಳ ತಂದೆ ಚೆಸ್ಟರ್‌ನ ಬಿಷಪ್ ಜಾರ್ಜ್ ಲಾಯ್ಡ್, ಸತ್ತದ್ದು 1615. ಯೇಲ್ ಕಡೆ ವೇಲ್ಸ್‌ನ ಪ್ಲಾಸ್ ಅನ್ ಯಾಲ್ ಎಂಬ ಜಮೀನ್ದಾರಿ ಮನೆಗೆ ಮುಟ್ಟುತ್ತದೆ. ಅದಕ್ಕೂ ಹಿಂದೆ ಮನೆತನದ ಹೆಸರಿಲ್ಲ, ಬರೀ 'ಇಂಥವನ ಮಗ ಇಂಥವನು'. ಜಮೀನಿನ ಪತ್ರ ಸಿಗದೆ ಒಂದು ತಲೆಮಾರೂ ಮೇಲೆ ಹತ್ತಬೇಡಿ.

ದುಡ್ಡು ಸೋರುತ್ತಿದ್ದದ್ದು ಉಯಿಲಿನಲ್ಲಿ. ಒಂದು ಪ್ರತಿಗೆ ಮೂರೂವರೆ ಪೌಂಡ್ ಆಸುಪಾಸು ಇದ್ದಾಗ ಜನ ಬ್ರಿಟನ್ನಿನ ರಾಷ್ಟ್ರೀಯ ದಾಖಲೆಗಾರದ ಉಯಿಲುಗಳ ಸರಣಿ ಪ್ರಾಬ್ 11ರಲ್ಲಿ ಎಲಿಹುವಿನ ಉಯಿಲಿಗಾಗಿ ತಡಕಾಡುತ್ತಿದ್ದರು. 1721ರಲ್ಲಿ ಅವನು ಸಿಂಧುವಾದ ಉಯಿಲು ಮಾಡದೆ ಸತ್ತ. ನೋಡಬೇಕಾದದ್ದು ಪ್ರಾಬ್ 6, ಅಂಥವರ ಆಸ್ತಿ ವಿಲೇವಾರಿಗೆ ಕೊಟ್ಟ ಅಧಿಕಾರದ ದಾಖಲೆ. ಹೆಸರಿನ ಯಾವ ಯಾವ ಕಾಗುಣಿತ ಹಾಕಿ ಹುಡುಕಿದೆ ಎನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ತಾರೀಖು: 1752ರವರೆಗೆ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ. ಎಲಿಹು ಹುಟ್ಟಿದ್ದು 1649ರ ಏಪ್ರಿಲ್ 5, ಬಚಾವ್. ಹನ್ನೆರಡು ದಿನ ಮೊದಲಾಗಿದ್ದರೆ ಅಂದಿನ ಪುಸ್ತಕದಲ್ಲಿ 1648 ಇರುತ್ತಿತ್ತು.

ಡಿಎನ್ಎ ಕೂಡ ನೋಡಿದ್ದಾಯಿತು. ಅವನ ಗಂಡುಸಂತಾನ ಉಳಿದಿಲ್ಲ, ಚಿಕ್ಕಪ್ಪ ಥಾಮಸನ ಕನೆಕ್ಟಿಕಟ್ ಶಾಖೆಯ ಗಂಡಸರನ್ನೇ ಹಿಡಿಯಬೇಕು. ಅಪ್ಪನಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮಿನ 37 ಗುರುತುಗಳ (ಮಾರ್ಕರ್) ಪರೀಕ್ಷೆಗೆ ದುಡ್ಡು ತೆತ್ತರೆ ಒಂದೇ ಗಂಡುಬಳ್ಳಿ ಹೌದೋ ಅಲ್ಲವೋ ಎಂಬ ಅಂದಾಜು ಸಿಗುತ್ತದೆ, ತಲೆಮಾರು ಸಿಗುವುದಿಲ್ಲ.

ಮದರಾಸಿನಲ್ಲೂ ವಿಧವೆಯದೇ ದಾರಿ. 1680ರ ನವೆಂಬರ್ 4ರಂದು ಸೇಂಟ್ ಮೇರಿ ಚರ್ಚಿನಲ್ಲಿ ಅವನು ಕೈ ಹಿಡಿದ ಕ್ಯಾಥರೀನ್, ಜೋಸೆಫ್ ಹಿನ್ಮರ್ಸ್‌ನ ವಿಧವೆ. ಅವಳ ಮೊದಲ ಗಂಡನ ಮಕ್ಕಳನ್ನು ಯೇಲ್ ಬಳ್ಳಿಗೆ ಸೇರಿಸಬೇಡಿ.